ಗಾಜಿಗೆ ದುಡ್ಡು ಹಾಕುವ ಮುಂಚೆ ಧೂಳಿನ ಗೆರೆ ನೋಡಿ

ಬಳ್ಳಾರಿಯಲ್ಲಿ ಕಾರು ಇಟ್ಟುಕೊಂಡವರು, ಗ್ಯಾರೇಜಿನವರು, ಪಾಲಿಟೆಕ್ನಿಕ್ ಹುಡುಗರು ಸೇರಿದ್ದ ಒಂದು ಸಂಜೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ. ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.

ನಮಸ್ಕಾರ. ಸದ್ದು ತಡೆಯುವ ಗಾಜು ಅಂತ ಒಂದು ಬಂದಿದೆಯಂತೆ, ಅದನ್ನು ಹಾಕಿಸಿದರೆ ಸಂಡೂರಿನ ಅದಿರು ಲಾರಿ ಪಕ್ಕದಲ್ಲೇ ಹೋದರೂ ಕೇಳಿಸುವುದಿಲ್ಲವಂತೆ, ನಿಜವಾ ಅಂತ ಒಳಗೆ ಬರುವಾಗಲೇ ಒಬ್ಬರು ಕೇಳಿದರು. ಅರ್ಧ ನಿಜ. ಲಾರಿಯ ಸದ್ದಿನಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಇನ್ನೊಂದು ಪಾಲು ಹಾಗೇ ಒಳಗೆ ಬರುತ್ತದೆ. ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಗೊತ್ತಿಲ್ಲದೆ ದುಡ್ಡು ಹಾಕಿದರೆ ಆಮೇಲೆ ಗ್ಯಾರೇಜಿನವರ ಜೊತೆ ಜಗಳ. ನಾನು ಇವತ್ತು ಹೇಳುವುದೆಲ್ಲ ಅದರ ಸುತ್ತಲೇ.

ಹೊರಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಕಾರಿನ ಡ್ರೈವರ್ ಕಡೆಯ ಬಾಗಿಲ ಗಾಜನ್ನು ಬೆರಳಿನ ಗೆಣ್ಣಿನಿಂದ ತಟ್ಟಿ. ಟಣ್ ಅನ್ನುತ್ತದೆ. ಆಮೇಲೆ ಮುಂದಿನ ದೊಡ್ಡ ಗಾಜನ್ನು ತಟ್ಟಿ. ಡಬ್ ಅಂತ ಅಲ್ಲಿಗೇ ನಿಂತುಬಿಡುತ್ತದೆ. ಎರಡೂ ಗಾಜೇ, ಆದರೆ ಒಳಗಿನ ಕಟ್ಟು ಬೇರೆ.

ಬಾಗಿಲಿನದ್ದು ಟೆಂಪರ್ಡ್ ಗಾಜು. ಚೆನ್ನಾಗಿ ಕಾಯಿಸಿ, ಜೋರು ಗಾಳಿ ಹೊಡೆದು ಸರ್ರನೆ ಆರಿಸಿರುತ್ತಾರೆ. ಒಂದೇ ಹಲಗೆ. ದಪ್ಪ ಸಾಮಾನ್ಯವಾಗಿ ಮೂರೂವರೆ ಮಿಲಿಮೀಟರ್ ಆಚೀಚೆ. ಒಡೆದರೆ ಸಣ್ಣ ಸಣ್ಣ ಚೂರಾಗಿ ಉದುರುತ್ತದೆ, ಅದಕ್ಕೇ ಮೈಗೆ ಗಾಯ ಕಡಿಮೆ. ಮುಂದಿನದ್ದು ಲ್ಯಾಮಿನೇಟೆಡ್. ಎರಡು ತೆಳು ಗಾಜು, ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ. ಪೂರ್ತಿ ಹೆಸರು ಪಾಲಿವಿನೈಲ್ ಬ್ಯುಟಿರಾಲ್. ಆ ಹಾಳೆ ಮುಕ್ಕಾಲು ಮಿಲಿಮೀಟರ್ ದಪ್ಪ ಅಷ್ಟೇ, ಸರಿಯಾಗಿ ಹೇಳಬೇಕೆಂದರೆ 0.76. ಕಲ್ಲು ಬಡಿದರೆ ಗಾಜು ಬಿರುಕು ಬಿಡುತ್ತದೆ, ಆದರೆ ಚೂರು ಆ ಹಾಳೆಗೆ ಅಂಟಿಕೊಂಡೇ ಇರುತ್ತದೆ. ನಮ್ಮ ದೇಶದಲ್ಲಿ ಕಾರಿನ ಮುಂದಿನ ಗಾಜು ಲ್ಯಾಮಿನೇಟೆಡ್ಡೇ ಆಗಿರಬೇಕು ಅಂತ ನಿಯಮವಿದೆ.

ಈ ಗಾಜು ಹುಟ್ಟಿದ ಕಥೆ ಚೆನ್ನಾಗಿದೆ. 1903ರಲ್ಲಿ ಎದುವಾರ್ ಬೆನೆಡಿಕ್ಟಸ್ ಅನ್ನುವ ಫ್ರೆಂಚ್ ರಸಾಯನ ತಜ್ಞನ ಕೈಯಿಂದ ಒಂದು ಗಾಜಿನ ಫ್ಲಾಸ್ಕ್ ಕೆಳಗೆ ಬಿತ್ತಂತೆ. ಬಿರುಕು ಬಿಟ್ಟಿತು, ಚೂರಾಗಲಿಲ್ಲ. ನೋಡಿದರೆ ಅದರೊಳಗೆ ಹಿಂದೆ ಯಾವಾಗಲೋ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರವ ಒಣಗಿ ಪೊರೆ ಕಟ್ಟಿತ್ತು. 1909ರಲ್ಲಿ ಆತ ಪೇಟೆಂಟ್ ಮಾಡಿಸಿದ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗ್ಯಾಸ್ ಮುಖವಾಡದ ಕಣ್ಣಿಗೆ ಇದೇ ಗಾಜು ಬಂತು. ಆಗಿನ ಹಾಳೆ ಬಿಸಿಲಿಗೆ ಹಳದಿಯಾಗುತ್ತಿತ್ತು. ಪಿವಿಬಿ ಬಂದ ಮೇಲೆ ಆ ಕಾಟ ಹೋಯಿತು. ಗಮನಿಸಿ, ಇದೆಲ್ಲ ಸುರಕ್ಷತೆಗೆ ಮಾಡಿದ್ದು. ಸದ್ದಿನ ಯೋಚನೆ ಯಾರಿಗೂ ಇರಲಿಲ್ಲ. ಸದ್ದು ಕಡಿಮೆಯಾಗುವುದು ಪುಕ್ಕಟೆ ಸಿಕ್ಕ ಲಾಭ, ಅದನ್ನು ಆಮೇಲೆ ಬೆಳೆಸಿದರು.

ಹೇಗೆ ಬೆಳೆಸಿದರು ಅಂತ ನೋಡೋಣ. ಇಲ್ಲಿ ಸ್ವಲ್ಪ ತಲೆ ಓಡಿಸಬೇಕಾಗುತ್ತದೆ, ಪಾಲಿಟೆಕ್ನಿಕ್‌ನವರು ನಿದ್ದೆ ಮಾಡಬೇಡಿ.

ಗೋಡೆಯಾಗಲಿ ಗಾಜಾಗಲಿ, ಸದ್ದು ತಡೆಯುವುದು ಮೊದಲು ತೂಕದಿಂದ. ಭಾರ ಇದ್ದಷ್ಟೂ ಅಲುಗಾಡಿಸುವುದು ಕಷ್ಟ. ತೂಕ ಎರಡು ಪಟ್ಟು ಮಾಡಿದರೆ ಸುಮಾರು 6 ಡೆಸಿಬೆಲ್ ಲಾಭ ಅಂತ ಲೆಕ್ಕ. ಡೆಸಿಬೆಲ್ ಅಂದರೆ ಸದ್ದಿನ ಜೋರು ಅಳೆಯುವ ಅಳತೆ. ಒಂದು ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಎರಡೂವರೆ ಕೆಜಿ ತೂಗುತ್ತದೆ. ನಾಲ್ಕು ಮಿಲಿಮೀಟರ್ ಅಂದರೆ ಹತ್ತು ಕೆಜಿ. ಹಾಗಾದರೆ ಎಂಟು ಮಿಲಿಮೀಟರ್ ಗಾಜು ಹಾಕಿಬಿಡಿ ಅಂತೀರಾ? ತೂಕ ಇಪ್ಪತ್ತು ಕೆಜಿ ಆಗುತ್ತದೆ, ಗಾಜು ಏರಿಸುವ ಮೋಟಾರ್ ಸುಸ್ತಾಗುತ್ತದೆ, ಬಾಗಿಲು ಜೋಲುತ್ತದೆ. ಜೊತೆಗೆ ಇನ್ನೊಂದು ಕಿರಿಕಿರಿ ಇದೆ. ಅದೇ ಇವತ್ತಿನ ಮುಖ್ಯ ವಿಷಯ.

ಗಾಜು ಗಟ್ಟಿಯಾದ ವಸ್ತು. ಹೊಡೆದರೆ ಅದರ ಮೈಮೇಲೆ ಬಾಗುವ ಅಲೆ ಓಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಶ್ರುತಿ ಏರಿದಷ್ಟೂ ಈ ಅಲೆ ಜೋರಾಗಿ ಓಡುತ್ತದೆ. ಗಾಳಿಯಲ್ಲಿ ಸದ್ದು ಮಾತ್ರ ಯಾವ ಶ್ರುತಿಯಾದರೂ ಒಂದೇ ವೇಗದಲ್ಲಿ ಓಡುತ್ತದೆ. ಹಾಗಾಗಿ ಒಂದು ಶ್ರುತಿಯಲ್ಲಿ ಇಬ್ಬರ ಹೆಜ್ಜೆ ಕೂಡಿಬಿಡುತ್ತದೆ. ಕೂಡಿದ ಕೂಡಲೇ ಗಾಜು ಅಡ್ಡ ನಿಲ್ಲುವುದನ್ನು ಬಿಟ್ಟು ತಾನೇ ಕುಣಿಯತೊಡಗುತ್ತದೆ, ಹೊರಗಿನ ಸದ್ದನ್ನು ಒಳಕ್ಕೆ ದಾಟಿಸುತ್ತದೆ. ಆ ಶ್ರುತಿ ಯಾವುದು ಅಂತ ತಿಳಿಯಲು ಒಂದು ಸುಲಭ ಲೆಕ್ಕ: 12,000ವನ್ನು ಗಾಜಿನ ಮಿಲಿಮೀಟರ್ ದಪ್ಪದಿಂದ ಭಾಗಿಸಿ. ನಾಲ್ಕು ಮಿಲಿಮೀಟರಿಗೆ 3,000 ಹರ್ಟ್ಜ್, ಅಂದರೆ ಸೆಕೆಂಡಿಗೆ 3,000 ಸಲ ಅದುರುವ ಸದ್ದು. ಮೂರಕ್ಕೆ 4,000. ಎಂಟಕ್ಕೆ 1,500. ಸರಿಸುಮಾರು ಲೆಕ್ಕ, ಆದರೆ ಕೆಲಸಕ್ಕೆ ಸಾಕು.

ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000 ಹರ್ಟ್ಜ್ ನಡುವೆ. ಕೂಸು ಅಳುವುದು ನಮಗೆ ಅಷ್ಟು ಚುಚ್ಚುವುದು ಅದೇ ಕಾರಣಕ್ಕೆ. ಕಾರಿನ ಗಾಜು ಸೋಲುವುದೂ ಅದೇ ಜಾಗದಲ್ಲಿ! ಎಲ್ಲಿ ಕಿವಿ ಜಾಸ್ತಿ ಕೇಳುತ್ತದೋ ಅಲ್ಲೇ ಗಾಜು ಬಾಗಿಲು ತೆಗೆದು ಕೂತಿರುತ್ತದೆ. ದಪ್ಪ ಮಾಡಿದರೆ ಆ ಜಾಗ ಕೆಳಗೆ ಸರಿಯುತ್ತದೆ, ಮಾಯವಾಗುವುದಿಲ್ಲ.

ಈಗ ಈ ತಟ್ಟೆ ನೋಡಿ. (ಇಲ್ಲಿ ಒಂದು ಸ್ಟೀಲ್ ತಟ್ಟೆಯನ್ನು ಎತ್ತಿ ಹಿಡಿದು ಚಮಚದಿಂದ ಬಾರಿಸಿ ತೋರಿಸಿದೆ. ಸಭೆಯ ಹಿಂದಿನ ಸಾಲಿನ ತನಕ ಟಿಂಗ್ ಅಂತ ಹೋಯಿತು.) ಈಗ ಇದರ ಬೆನ್ನಿಗೆ ಅಂಗೈ ಅಗಲದ ಮೆತ್ತನೆ ಅಂಟು ಹಾಳೆ ಹಚ್ಚಿ ಮತ್ತೆ ಬಾರಿಸುತ್ತೇನೆ. ಟಪ್. ತಟ್ಟೆಯ ತೂಕ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಕುಣಿತ ನಿಂತಿತು. ಮೆತ್ತನೆ ಹಾಳೆ ಅದುರುವಿಕೆಯನ್ನು ತಿಂದು ಬಿಸಿ ಮಾಡಿಬಿಟ್ಟಿತು, ನಮಗೆ ತಿಳಿಯದಷ್ಟು ಸಣ್ಣ ಬಿಸಿ.

ಸದ್ದು ತಡೆಯುವ ಗಾಜಿನ ಗುಟ್ಟು ಇಷ್ಟೇ. ಸಾಮಾನ್ಯ ಲ್ಯಾಮಿನೇಟೆಡ್ ಗಾಜಿನಲ್ಲಿ ನಡುವಿನ ಪಿವಿಬಿ ಸ್ವಲ್ಪ ಬಿಗಿ. ಅಕೂಸ್ಟಿಕ್ ಅಂತ ಬರುವ ಹಾಳೆಯಲ್ಲಿ ಮೂರು ಪದರ ಇರುತ್ತವೆ. ಎರಡು ಬದಿ ಮಾಮೂಲಿ ಪಿವಿಬಿ, ನಟ್ಟನಡುವೆ ಇನ್ನೂ ಮೆತ್ತನೆಯ ತೆಳು ಪದರ. ಗಾಜು ಬಾಗಲು ಹೊರಟರೆ ಎರಡು ಗಾಜೂ ಒಂದರ ಮೇಲೊಂದು ಕೂದಲೆಳೆಯಷ್ಟೂ ಅಲ್ಲದ ಜಾರು ಜಾರುತ್ತವೆ, ಆ ಜಾರುವಿಕೆಯಲ್ಲಿ ನಡುವಿನ ಪದರ ಹಿಂಡಿಕೊಂಡು ಶಕ್ತಿಯನ್ನು ನುಂಗುತ್ತದೆ. ಆಗ 3,000 ಹರ್ಟ್ಜ್ ಹತ್ತಿರ ಗಾಜು ಸೋಲುತ್ತಿದ್ದ ಆ ಗುಂಡಿ ಬಹುಪಾಲು ತುಂಬಿಹೋಗುತ್ತದೆ. ಕಣ್ಣಿಗೆ ಗಾಜು ಅದೇ, ದಪ್ಪವೂ ಹೆಚ್ಚುಕಡಿಮೆ ಅದೇ.

ಎಷ್ಟು ಲಾಭ? ಮಾರುವವರು ದೊಡ್ಡ ಅಂಕಿ ಹೇಳುತ್ತಾರೆ. ಆ ಒಂದು ಶ್ರುತಿಯ ಜಾಗದಲ್ಲಿ 5–6 ಡೆಸಿಬೆಲ್ ಬರಬಹುದು, ಸುಳ್ಳಲ್ಲ. ಆದರೆ ಕಾರಿನೊಳಗೆ ಮೀಟರ್ ಇಟ್ಟು ಎಲ್ಲ ಸದ್ದನ್ನೂ ಕೂಡಿಸಿ ಅಳೆದರೆ ಸಾಮಾನ್ಯವಾಗಿ ಒಂದರಿಂದ ಮೂರು ಡೆಸಿಬೆಲ್. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದ ಹಾಗೆ ಅನ್ನಿಸುತ್ತದೆ, 3 ಇಳಿದರೆ ಹೌದಲ್ಲ, ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಅಷ್ಟೇ.

ಹಾಗಂತ ಅದನ್ನು ಅಲ್ಲಗಳೆಯಬೇಡಿ. ನಾವು ಮಾತಾಡುವಾಗ ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಸಿಗುವುದು ಮೇಲಿನ ಶ್ರುತಿಯಲ್ಲಿ, 2,000 ಹರ್ಟ್ಜ್‌ನಿಂದ ಮೇಲೆ. ಸ್ವರಗಳು ಕೆಳಗಿನ ಶ್ರುತಿಯಲ್ಲಿ ಗುಂಯ್ ಅಂತ ಕೇಳಿಸಿದರೂ, ವ್ಯಂಜನ ಮುಚ್ಚಿಹೋದರೆ ಮಾತು ತಿಳಿಯುವುದಿಲ್ಲ. ಗಾಳಿಯ ಸುಯ್ ಸದ್ದು ಮುಚ್ಚುವುದು ಅದನ್ನೇ. ಹಿಂದಿನ ಸೀಟಿನಿಂದ ಅಮ್ಮ ಏನೋ ಹೇಳಿದರು, ನೀವು ಏನು ಅಂದಿರಿ, ಮತ್ತೆ ಹೇಳಿದರು, ಮತ್ತೆ ಏನು ಅಂದಿರಿ. ಈ ಗಾಜು ಅಲ್ಲಿ ಕೆಲಸ ಮಾಡುತ್ತದೆ. ಮೀಟರ್ ಮೂರೇ ತೋರಿಸಿದರೂ ಮಾತು ಚೊಕ್ಕವಾಗಿ ಕೇಳುತ್ತದೆ.

ಎಲ್ಲಿ ಕೆಲಸ ಮಾಡುವುದಿಲ್ಲ? ಗುಡುಗುಟ್ಟುವ ಸದ್ದಿನಲ್ಲಿ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಉರಿಯುತ್ತದೆ, ಅಂದರೆ 100 ಹರ್ಟ್ಜ್. ಮೂರು ಸಿಲಿಂಡರ್ 2,000 ಸುತ್ತಿನಲ್ಲಿದ್ದರೆ 50 ಹರ್ಟ್ಜ್. ಈ ಶ್ರುತಿಗೆ ಗಾಜಿನೊಳಗಿನ ಮೆತ್ತನೆ ಪದರ ಲೆಕ್ಕಕ್ಕೇ ಇಲ್ಲ. ಟೈರಿನ ಗರಗರ ಸಸ್ಪೆನ್ಷನ್ ಹಿಡಿದು, ನೆಲದ ತಗಡು ಹಿಡಿದು ಬರುತ್ತದೆ, ಗಾಜಿನ ದಾರಿಯಲ್ಲಿ ಬರುವುದೇ ಇಲ್ಲ. ಅದಿರು ಲಾರಿ ಪಕ್ಕದಲ್ಲಿ ಏರು ಹತ್ತುವಾಗ ಎದೆಗೆ ತಾಗುತ್ತದಲ್ಲ ಆ ಧಡಧಡ, ಅದೂ ಹಾಗೇ ಬರುತ್ತದೆ. ಲಾರಿಯ ಬ್ರೇಕಿನಿಂದ ಗಾಳಿ ಬಿಡುವ ಚ್ಸ್ ಸದ್ದು, ಹಾರ್ನಿನ ಕಿರುಚು, ಟೈರಿನ ಸೀಟಿಯಂಥ ಸದ್ದು, ಇವು ಮಾತ್ರ ಕಡಿಮೆಯಾಗುತ್ತವೆ. ಅರ್ಧ ನಿಜ ಅಂದಿದ್ದು ಇದಕ್ಕೇ.

ಹಾಗಾದರೆ ನಿಮ್ಮ ಕಾರಿನಲ್ಲಿ ಯಾವ ಸದ್ದು ಜಾಸ್ತಿ ಅಂತ ಪತ್ತೆ ಹಚ್ಚುವುದು ಹೇಗೆ? ಯಂತ್ರ ಬೇಡ. ಹೊಸಪೇಟೆ ಕಡೆಗೋ ಕೊಪ್ಪಳದ ಕಡೆಗೋ ಹೈವೇ ಹಿಡಿದು ಹೊರಟಾಗ ಕಿವಿ ಕೊಡಿ. ಅದೇ ವೇಗದಲ್ಲಿ ಗೇರ್ ಒಂದು ಮೇಲೆ ಹಾಕಿದಾಗ ಸದ್ದು ಬದಲಾದರೆ ಅದು ಎಂಜಿನ್. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಿದ್ದ ಕೂಡಲೇ ಬದಲಾದರೆ ಟೈರು. ಎರಡಕ್ಕೂ ಬದಲಾಗದೆ, ಅಡ್ಡಗಾಳಿ ಬೀಸಿದಾಗ ಅಥವಾ ಎದುರಿನಿಂದ ಬಸ್ಸು ಹಾದುಹೋದಾಗ ಏರಿಳಿದರೆ ಗಾಳಿ. ಗಾಜಿಗೆ ದುಡ್ಡು ಹಾಕುವ ಯೋಚನೆ ಮಾಡಬೇಕಾದವರು ಈ ಮೂರನೆಯವರು ಮಾತ್ರ. ಟೈರಿನ ತೊಂದರೆ ಇದ್ದವರು ಟೈರು ಒರಟಾಗಿ ಸವೆದಿದೆಯಾ, ಗಾಳಿ ಜಾಸ್ತಿ ತುಂಬಿದೆಯಾ ಅಂತ ಮೊದಲು ನೋಡಿ.

ಗಾಳಿಯ ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ವೇಗದ ಜೊತೆ ವಿಪರೀತ ಏರುತ್ತದೆ. ಮುಂದಿನ ಗಾಜಿನ ಪಕ್ಕದ ಕಂಬದ ಅಂಚು, ಹೊರಗಿನ ಕನ್ನಡಿ, ಇವುಗಳ ಹಿಂದೆ ಗಾಳಿ ಸುಳಿ ಸುಳಿಯಾಗಿ ಒಡೆದು ಪಕ್ಕದ ಗಾಜಿಗೆ ಬಡಿಯುತ್ತದೆ, ಆ ಗಾಜು ನಿಮ್ಮ ಕಿವಿಯಿಂದ ಗೇಣು ಎರಡು ಗೇಣು ದೂರದಲ್ಲಿದೆ. ಈ ಸದ್ದಿನ ಶಕ್ತಿ ಸುಮಾರಾಗಿ ವೇಗದ ಆರನೇ ಘಾತದಂತೆ ಬೆಳೆಯುತ್ತದೆ. 50ರಿಂದ 100ಕ್ಕೆ ಹೋದರೆ 64 ಪಟ್ಟು, ಅಂದರೆ 18 ಡೆಸಿಬೆಲ್. ತಿರುಗಿಸಿ ನೋಡಿ: 100ರಲ್ಲಿ ಹೋಗುತ್ತಿದ್ದವರು 80ಕ್ಕೆ ಇಳಿದರೆ ಗಾಳಿಯ ಸದ್ದು ಹತ್ತಿರ ಹತ್ತಿರ 6 ಡೆಸಿಬೆಲ್ ಇಳಿಯುತ್ತದೆ. ಅಷ್ಟು ದುಬಾರಿ ಗಾಜು ಕೊಡದ ಲಾಭ, ಪುಕ್ಕಟೆ! ಡೀಸೆಲ್ಲೂ ಉಳಿಯುತ್ತದೆ. ನಗಬೇಡಿ, ನಿಜವಾಗಿಯೂ ಮಾಡಿ ನೋಡಿ.

ಈಗ ಧೂಳಿನ ವಿಷಯಕ್ಕೆ ಬರುತ್ತೇನೆ. ಧೂಳು ಅಂದರೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಸಂಡೂರು, ತೋರಣಗಲ್ಲು ಕಡೆ ದಿನಾ ಓಡಾಡುವವರ ಕಾರು ಯಾವ ಬಣ್ಣದ್ದು ಅಂತ ತೊಳೆದ ಮೇಲೇ ಗೊತ್ತಾಗುವುದು. ಬೆಂಗಳೂರಿನವರಿಗೆ ಇಲ್ಲದ ಒಂದು ಅನುಕೂಲ ನಮಗೆ ಇಲ್ಲಿದೆ ಅಂತ ನಾನು ಹೇಳುತ್ತೇನೆ. ಬಾಗಿಲು ತೆಗೆಯಿರಿ. ಬಾಗಿಲ ಚೌಕಟ್ಟಿನ ಸುತ್ತ ಕಪ್ಪು ರಬ್ಬರ್ ಪಟ್ಟಿ ಇರುತ್ತದೆ. ಆ ರಬ್ಬರಿನ ಹೊರಗೆ ಕೆಂಪು ಧೂಳು ಕೂತಿರುವುದು ಸಹಜ. ರಬ್ಬರಿನ ಮೈ ದಾಟಿ ಒಳಗಿನ ಬಣ್ಣದ ತಗಡಿನ ಮೇಲೆ ಬೆರಳಗಲದ ಕೆಂಪು ನಾಲಿಗೆ ಚಾಚಿದೆಯಾ ನೋಡಿ. ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ: ಹಿಂದಿನ ಮೇಲ್ಮೂಲೆಯಲ್ಲಿ ಮತ್ತು ಕನ್ನಡಿಯ ಹಿಂದಿನ ತ್ರಿಕೋನದ ಕೆಳಗೆ. ಧೂಳು ಒಳಗೆ ಬಂದ ದಾರಿ ಗಾಳಿ ಬಂದ ದಾರಿ, ಗಾಳಿ ಬಂದ ದಾರಿ ಸದ್ದು ಬಂದ ದಾರಿ. ಪ್ರಯೋಗಾಲಯದಲ್ಲಿ ಹೊಗೆ ಬಿಟ್ಟು ಹುಡುಕುವುದನ್ನು ನಮ್ಮ ಅದಿರಿನ ಧೂಳು ಗೆರೆ ಎಳೆದು ತೋರಿಸಿಕೊಟ್ಟಿರುತ್ತದೆ.

ಇದಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ ಒಂದು ಲೆಕ್ಕ ಇದೆ. ಮೊಬೈಲ್ ತೆಗೆಯಬೇಡಿ, ಬಾಯಲ್ಲೇ ಮಾಡಬಹುದು. ಹೊರಗಿನಿಂದ ಬಾಗಿಲ ಗಾಜಿಗೆ 1,000 ಪಾಲು ಸದ್ದಿನ ಶಕ್ತಿ ಬಂದು ಬಡಿಯಿತು ಅಂತಿಟ್ಟುಕೊಳ್ಳಿ. ಪ್ರತಿ 10 ಡೆಸಿಬೆಲ್ ತಡೆದಾಗ ಸದ್ದಿನ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ ಮಾಮೂಲಿ ಗಾಜು 30 ಡೆಸಿಬೆಲ್ ತಡೆದರೆ ಒಳಗೆ ಬರುವುದು 1 ಪಾಲು. ಗಾಜು ಅರ್ಧ ಚದರ ಮೀಟರ್ ಇದೆ ಅನ್ನೋಣ. ಪಕ್ಕದ ರಬ್ಬರ್ ಗಟ್ಟಿಯಾಗಿ, ಒಂದು ಮಿಲಿಮೀಟರ್ ಅಗಲದ ಸಂದು ಅರ್ಧ ಮೀಟರ್ ಉದ್ದಕ್ಕೆ ಬಿಟ್ಟಿದೆ. ಅದು ಗಾಜಿನ ವಿಸ್ತಾರದ ಸಾವಿರದಲ್ಲಿ ಒಂದು ಪಾಲು. ಸಂದಿಗೆ ತಡೆಯುವ ಶಕ್ತಿ ಏನೂ ಇಲ್ಲ, ಹಾಗಾಗಿ ಅಲ್ಲಿಂದಲೂ 1 ಪಾಲು ಬಂತು. ಒಟ್ಟು 2.

ಈಗ ನೀವು ದುಬಾರಿ ಗಾಜು ಹಾಕಿಸಿದಿರಿ, 35 ಡೆಸಿಬೆಲ್ ತಡೆಯುತ್ತದೆ. ಗಾಜಿನಿಂದ ಬರುವುದು 0.3 ಪಾಲಿಗೆ ಇಳಿಯಿತು. ಸಂದಿನಿಂದ ಅದೇ 1. ಒಟ್ಟು 1.3. ಪಕ್ಕದ ಮನೆಯವರು ಗಾಜು ಮುಟ್ಟಲೇ ಇಲ್ಲ, ರಬ್ಬರ್ ಪಟ್ಟಿ ಮಾತ್ರ ಹೊಸದು ಹಾಕಿಸಿದರು. ಅವರಿಗೆ ಸಂದಿನಿಂದ ಸೊನ್ನೆ, ಗಾಜಿನಿಂದ 1. ಒಟ್ಟು 1! ಕಡಿಮೆ ದುಡ್ಡು ಕೊಟ್ಟವರೇ ಗೆದ್ದರು. ಎರಡನ್ನೂ ಮಾಡಿಸಿದವರಿಗೆ 0.3 ಬರುತ್ತದೆ, ಆಗ ಗಾಜಿಗೆ ಹಾಕಿದ ದುಡ್ಡು ಪೂರ್ತಿ ವಸೂಲಿ. ನಿಜವಾದ ಕಾರಿನಲ್ಲಿ ಅಂಕಿ ಇಷ್ಟು ನುಣುಪಾಗಿ ಬರುವುದಿಲ್ಲ, ಸಂದು ಕೂಡ ಎಲ್ಲ ಶ್ರುತಿಗೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಬದಲಾಗುವುದಿಲ್ಲ. ತೂತು ಬಿದ್ದ ಕೊಡಕ್ಕೆ ಬೆಳ್ಳಿ ಮುಚ್ಚಳ ಹಾಕಿ ಏನು ಉಪಯೋಗ?

ಸಂದು ಹುಡುಕಲು ಇನ್ನೆರಡು ಉಪಾಯ. ಒಂದು, ಕಾಗದದ ಪಟ್ಟಿಯನ್ನು ರಬ್ಬರಿನ ಮೇಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಒತ್ತುತ್ತಿಲ್ಲ. ಇನ್ನೊಂದು, ಪೇಂಟರುಗಳು ಹಚ್ಚುವ ಕಾಗದದ ಟೇಪನ್ನು ಹೊರಗಿನಿಂದ ಗಾಜು, ಚೌಕಟ್ಟು, ಕನ್ನಡಿಯ ಬುಡ, ಹೀಗೆ ಎಲ್ಲ ಸಂದಿಗೂ ಅಂಟಿಸಿ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಆಮೇಲೆ ಒಂದೊಂದೇ ಟೇಪು ಕಿತ್ತು ಮತ್ತೆ ಹೋಗಿ. ಯಾವುದನ್ನು ಕಿತ್ತಾಗ ಸುಯ್ ಅಂತ ಶುರುವಾಯಿತೋ ಕಳ್ಳ ಅಲ್ಲೇ ಇದ್ದಾನೆ. ಕಾರು ಕಂಪನಿಗಳು ಗಾಳಿ ಸುರಂಗದಲ್ಲಿ ಮಾಡುವುದೂ ಇದೇ ಕೆಲಸ, ಇದೇ ಟೇಪು. ಟೇಪು ಹಚ್ಚಿದ ಬಾಗಿಲು ಬಿಟ್ಟು ಬೇರೆ ಬಾಗಿಲಿಂದ ಹತ್ತಿ ಇಳಿಯಿರಿ, ಕನ್ನಡಿ ಮುಚ್ಚಬೇಡಿ.

ಗ್ಯಾರೇಜಿನವರಿಗೆ ಒಂದು ವಿನಂತಿ. ಬಾಗಿಲ ರಬ್ಬರ್ ಫಳಫಳ ಕಾಣಲಿ ಅಂತ ಎಂಜಿನ್ ಆಯಿಲ್ಲೋ ಡೀಸೆಲ್ಲೋ ಬಟ್ಟೆಗೆ ಹಚ್ಚಿ ಒರೆಸುವುದನ್ನು ಬಿಡಿ. ಈ ಪಟ್ಟಿಗಳು ಹೆಚ್ಚಾಗಿ ಇಪಿಡಿಎಂ ಅನ್ನುವ ರಬ್ಬರಿನವು. ಬಿಸಿಲು, ಮಳೆ ಚೆನ್ನಾಗಿ ತಡೆಯುತ್ತವೆ, ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಕೆಡುತ್ತವೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಗಾಜು ಏರಿಳಿಯುವ ಕಾಲುವೆಯಂಥ ಪಟ್ಟಿಯಲ್ಲೂ ಧೂಳು ಕಟ್ಟಿ ಗಾಜಿಗೆ ಗೀರು ಬೀಳುತ್ತದೆ, ಅದನ್ನೂ ತೆಗೆಯಿರಿ.

ನಮ್ಮ ಬಿಸಿಲಿನ ಬಗ್ಗೆಯೂ ಒಂದು ಮಾತು. ಗಾಜಿನೊಳಗಿನ ಆ ಮೆತ್ತನೆ ಪದರ ಸುಮಾರು 20 ಡಿಗ್ರಿ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಹಾಗೆ ಹದ ಮಾಡಿರುತ್ತಾರೆ. ರಾಯಚೂರು, ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಹದ ಮೀರಿ ಕಾದರೆ ಪದರ ಇನ್ನೂ ಸಡಿಲವಾಗುತ್ತದೆ, ಸದ್ದು ನುಂಗುವ ಗುಣ ಇಳಿಯುತ್ತದೆ. ಎಸಿ ಹಾಕಿ ಸ್ವಲ್ಪ ದೂರ ಹೋದ ಮೇಲೆ ಗಾಜು ತಣಿದು ಮತ್ತೆ ದಾರಿಗೆ ಬರುತ್ತದೆ. ಕಾರು ಕೊಳ್ಳುವ ಮುಂಚೆ ಓಡಿಸಿ ನೋಡುವವರು ಶೋರೂಮಿನ ನೆರಳಿನಿಂದ ತೆಗೆದು ಬೆಳಗಿನ ಹೊತ್ತು ಒಂದು ಸುತ್ತು ಹೋಗಿ ತೀರ್ಮಾನ ಮಾಡಬೇಡಿ. ಮಧ್ಯಾಹ್ನ ಹೋಗಿ, ನಮಗೆ ಬೇಕಾದ್ದು ಮಧ್ಯಾಹ್ನದ ಕಾರು.

ಇನ್ನು ಪ್ರಶ್ನೆಗಳು.

"ಸರ್, ನನ್ನ ಗಾಡ್ಯಾಗ ಈ ಗಾಜು ಐತೋ ಇಲ್ಲೋ ಹೆಂಗ ಗೊತ್ತಾಗತೈತಿ?" ಗಾಜಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತದೆ. ಲ್ಯಾಮಿನೇಟೆಡ್ಡಾ ಟೆಂಪರ್ಡಾ ಅಂತ ಬರೆದಿರುತ್ತಾರೆ. ಅಕೂಸ್ಟಿಕ್ ಆದರೆ ಆ ಪದವೋ ಕಿವಿಯ ಚಿತ್ರವೋ ಇರುವುದುಂಟು. ಬಾಗಿಲ ಗಾಜಾದರೆ ಅರ್ಧ ಇಳಿಸಿ ಮೇಲಂಚನ್ನು ನೇರವಾಗಿ ಮೇಲಿನಿಂದ ನೋಡಿ. ಒಂದೇ ಹಸಿರು ಅಂಚು ಕಂಡರೆ ಟೆಂಪರ್ಡ್. ಎರಡು ಹಸಿರು ಅಂಚಿನ ನಡುವೆ ದಾರದಷ್ಟು ತೆಳು ಗೆರೆ ಕಂಡರೆ ಲ್ಯಾಮಿನೇಟೆಡ್. ಈಗೀಗ ಮಧ್ಯಮ ಬೆಲೆಯ ಕಾರುಗಳಲ್ಲೂ ಮುಂದಿನ ಗಾಜು ಮಾತ್ರ ಅಕೂಸ್ಟಿಕ್ ಕೊಟ್ಟು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತಾರೆ. ಗಾಳಿ ಸದ್ದು ಜಾಸ್ತಿ ಬರುವುದು ಕಿವಿ ಪಕ್ಕದ ಗಾಜಿನಿಂದ. ಬಾಗಿಲ ಗಾಜು ಯಾವುದು ಅಂತ ಕೇಳಿ. ಎಲೆಕ್ಟ್ರಿಕ್ ಕಾರು ತಗೊಳ್ಳುವವರು ಇನ್ನೂ ಒತ್ತಿ ಕೇಳಿ, ಅದರಲ್ಲಿ ಎಂಜಿನ್ ಸದ್ದಿನ ಮರೆ ಇಲ್ಲ, ಗಾಳಿಯದ್ದೇ ಎದ್ದು ಕೇಳುತ್ತದೆ.

"ಹಳೆ ಕಾರಿಗೆ ಬಾಗಿಲ ಗಾಜು ಬದಲಿಸಬಹುದಾ?" ಅದೇ ಮಾಡೆಲ್‌ನ ಮೇಲಿನ ದರ್ಜೆಯ ಕಾರಿಗೆ ಕಂಪನಿಯೇ ಲ್ಯಾಮಿನೇಟೆಡ್ ಬಾಗಿಲ ಗಾಜು ಕೊಟ್ಟಿದ್ದರೆ, ಪಾರ್ಟ್ ನಂಬರ್ ಹೊಂದಿದರೆ, ಆಗುತ್ತದೆ. ಇಲ್ಲದಿದ್ದರೆ ಕೈ ಹಾಕಬೇಡಿ. ದಪ್ಪ ಬದಲಾದರೆ ಕಾಲುವೆ ಪಟ್ಟಿಯಲ್ಲಿ ಗಾಜು ಕೂರುವುದಿಲ್ಲ, ತೂಕ ಬದಲಾದರೆ ಮೋಟಾರ್ ಎಳೆಯುವುದಿಲ್ಲ, ಮತ್ತೆ ಸಂದು ಬೀಳುತ್ತದೆ. 1991ರಲ್ಲಿ ಬಂದ ಮರ್ಸಿಡಿಸ್ ಎಸ್ ಕ್ಲಾಸ್‌ಗೆ ನಡುವೆ ಗಾಳಿ ಬಿಟ್ಟ ಜೋಡಿ ಗಾಜನ್ನೇ ಬಾಗಿಲಿಗೆ ಹಾಕಿದ್ದರು, ಆದರೆ ಅದಕ್ಕೆ ತಕ್ಕ ಬಾಗಿಲನ್ನೂ ಮಾಡಿದ್ದರು. ನಮ್ಮ ಹ್ಯಾಚ್‌ಬ್ಯಾಕಿಗೆ ಆ ಆಸೆ ಬೇಡ.

"ಸೌಂಡ್ ಪ್ರೂಫ್ ಫಿಲ್ಮ್ ಅಂತ ಹಚ್ಚುತ್ತಾರಲ್ಲ?" ಆ ಫಿಲ್ಮ್ ಸೇರಿಸುವ ತೂಕ ಗಾಜಿನ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ಸದ್ದಿಗೆ ಅದು ಲೆಕ್ಕವೇ ಅಲ್ಲ. ಬಿಸಿಲಿಗೆ ಒಂದಿಷ್ಟು ಉಪಯೋಗ ಇರಬಹುದು, ಸದ್ದಿನ ಹೆಸರಲ್ಲಿ ದುಡ್ಡು ಕೊಡಬೇಡಿ. ಕಾನೂನಿನ ತಲೆನೋವು ಬೇರೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಚ್ಚುವುದನ್ನು ನಿಲ್ಲಿಸಿತು. ಮುಂದೆ, ಹಿಂದೆ ನೂರಕ್ಕೆ 70, ಪಕ್ಕದಲ್ಲಿ 50 ಪಾಲು ಬೆಳಕು ದಾಟಲೇಬೇಕು ಅನ್ನುವ ನಿಯಮ ನೆನಪಿರಲಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಅವರ ಊರು ಸಿಂಧನೂರು ಕಡೆ. "ನಮ್ಮ ರಸ್ತೆ ಪಕ್ಕದಲ್ಲೇ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ಕಾರು ನೀರಿಗೆ ಬಿದ್ದರೆ ಈ ಗಾಜು ಒಡೆಯುತ್ತಾ?" ಒಡೆಯುವುದಿಲ್ಲ. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಬಿಡಿಸಿ ಹೇಳುತ್ತೇನೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಗಾಜು ಒಡೆಯುವ ಆರು ಉಪಕರಣ ಪರೀಕ್ಷಿಸಿತು. ನಾಲ್ಕು ಉಪಕರಣ ಟೆಂಪರ್ಡ್ ಗಾಜನ್ನು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ಬಿರುಕು ಬಿಡುತ್ತದೆ, ಆದರೆ ನಡುವಿನ ಹಾಳೆ ಬಿಡುವುದಿಲ್ಲ. ಕಳ್ಳರಿಗೆ ಕಷ್ಟ ಅಂತ ಹೊಗಳುವ ಗುಣವೇ ಒಳಗೆ ಸಿಕ್ಕಿಕೊಂಡವರಿಗೂ ಕಷ್ಟ. ಹಲವು ಕಾರುಗಳಲ್ಲಿ ಮುಂದಿನ ಬಾಗಿಲಿಗೆ ಲ್ಯಾಮಿನೇಟೆಡ್, ಹಿಂದಿನ ಬಾಗಿಲಿಗೆ ಟೆಂಪರ್ಡ್ ಇರುತ್ತದೆ. ನಿಮ್ಮದರಲ್ಲಿ ಯಾವುದು ಎಲ್ಲಿದೆ ಅಂತ ಇವತ್ತೇ ನೋಡಿ, ಮನೆಯವರಿಗೂ ತೋರಿಸಿ. ಸುತ್ತಿಗೆ ಇಟ್ಟರೆ ಟೆಂಪರ್ಡ್ ಗಾಜಿನ ಪಕ್ಕ ಕೈಗೆ ಸಿಗುವಂತೆ ಇಡಿ, ಹೊಡೆಯುವುದು ಗಾಜಿನ ಮೂಲೆಗೆ. ನೀರಿಗೆ ಬಿದ್ದ ಕೂಡಲೇ ಬೆಲ್ಟ್ ಬಿಚ್ಚಿ ಗಾಜು ಇಳಿಸಿ ಹೊರಗೆ ಬನ್ನಿ. ಮೊದಲ ಕ್ಷಣಗಳಲ್ಲಿ ಸ್ವಿಚ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಫೋನ್ ಮಾಡಲು, ಬಾಗಿಲು ತಳ್ಳಲು ಹೋಗಿ ಹೊತ್ತು ಕಳೆಯಬೇಡಿ. ಕಾಲುವೆ ದಡದ ರಸ್ತೆಯಲ್ಲೇ ದಿನಾ ಓಡಾಡುವವರಾದರೆ ನಾಲ್ಕೂ ಬಾಗಿಲಿಗೆ ಲ್ಯಾಮಿನೇಟೆಡ್ ಇರುವ ಕಾರು ನನ್ನನ್ನು ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ, ಎಷ್ಟೇ ನಿಶ್ಶಬ್ದ ಇರಲಿ.

ಕೊನೆಗೆ ಒಬ್ಬ ಟ್ಯಾಕ್ಸಿಯವರು ಕೇಳಿದರು. ಲಾರಿಯಿಂದ ಅದಿರಿನ ಕಲ್ಲು ಸಿಡಿದು ಮುಂದಿನ ಗಾಜು ಬಿರಿಯಿತು, ಇನ್ಶೂರೆನ್ಸಿನಲ್ಲಿ ಬದಲಿಸಿಕೊಟ್ಟರು, ಆಮೇಲಿಂದ ಸದ್ದು ಜಾಸ್ತಿ, ನನ್ನ ಭ್ರಮೆಯಾ? ಭ್ರಮೆ ಆಗಿರಬೇಕೆಂದೇನಿಲ್ಲ. ಅಕೂಸ್ಟಿಕ್ ಇದ್ದ ಜಾಗಕ್ಕೆ ಮಾಮೂಲಿ ಲ್ಯಾಮಿನೇಟೆಡ್ ಕೂರಿಸಿದರೆ ನೋಡಲು ಎರಡೂ ಒಂದೇ, ಬಿಲ್ಲಿನಲ್ಲಿ ಬರೀ ಮುಂದಿನ ಗಾಜು ಅಂತಲೇ ಇರುತ್ತದೆ. ಹಳೆಯದನ್ನು ಬಿಚ್ಚುವ ಮುಂಚೆ ಮೂಲೆಯ ಮುದ್ರೆಯ ಫೋಟೋ ತೆಗೆದುಕೊಳ್ಳಿ, ಹೊಸದು ಬಂದಾಗ ಅಂಟಿಸುವ ಮೊದಲೇ ಪಕ್ಕದಲ್ಲಿ ಇಟ್ಟು ನೋಡಿ. ಒಳಗಿನ ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದನ್ನು ಮತ್ತೆ ಹೊಂದಿಸಿಕೊಟ್ಟಿದ್ದಾರಾ ಅಂತ ಕೇಳಿ. ಅಂಟು ಗಟ್ಟಿಯಾಗುವ ತನಕ ಗಾಡಿ ತೆಗೆಯಬೇಡಿ, ಅವತ್ತು ಪೂರ್ತಿ ಒಂದು ಕಿಟಕಿ ಬೆರಳಷ್ಟು ಇಳಿಸಿಯೇ ಬಾಗಿಲು ಹಾಕಿ. ಎಲ್ಲ ಮುಚ್ಚಿ ದಬಾರ್ ಅಂತ ಹಾಕಿದರೆ ಒಳಗಿನ ಗಾಳಿ ಹೊಸ ಗಾಜನ್ನು ಹೊರಕ್ಕೆ ತಳ್ಳುತ್ತದೆ, ಹಸಿ ಅಂಟಿನಲ್ಲಿ ಅಲ್ಲೇ ಸಂದು ಬೀಳುತ್ತದೆ.